ಧಾರವಾಡದ ಹೆಸರನ್ನು ಕಲ್ಲಿಗಿಟ್ಟ ಬ್ರೂಸ್ ಫೂಟ್

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾಫಿ ತೋಟಗಳ ನಡುವೆ ಇಳಿದು, ಸಕಲೇಶಪುರವನ್ನು ಹಾದು, ಹಾಸನ ಜಿಲ್ಲೆಯ ಗೊರೂರನ್ನು ತಲುಪುತ್ತಾಳೆ. ಗೊರೂರಿನ ಆಸುಪಾಸಿನಲ್ಲಿ ಕಾಣುವ ಪಟ್ಟೆಪಟ್ಟೆಯ ನೈಸ್ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ. ಇತ್ತ ಜಾವಳಿಯ ವಾಯವ್ಯಕ್ಕಿರುವ ಕುದುರೆಮುಖದಲ್ಲಿ, ಈಶಾನ್ಯಕ್ಕಿರುವ ಬಾಬಾಬುಡನ್ ಗಿರಿಯಲ್ಲಿ ಹಾಸುಹೊಕ್ಕಾಗಿರುವುದು ಹಸಿರು ಛಾಯೆಯ ಪುರಾತನ ಲಾವಾ ಶಿಲೆಗಳು. ಜ್ವಾಲಾಮುಖಿಗಳು ಉರಿದು ತಣ್ಣಗಾಗಿ ಅವುಗಳ ಬಾಯಿಯೂ ಸವೆದು ಅಳಿದಿದೆ. ಉಳಿದಿರುವುದು ಹರಿದು ಹೆಪ್ಪುಗಟ್ಟಿದ ಶಿಲಾರಸ ಮಾತ್ರ.

ಈ ಎರಡು ಬಗೆಯ ಶಿಲೆಗಳಲ್ಲಿ ಹಿರಿಯದು ಯಾವುದು, ಕಿರಿಯದು ಯಾವುದು? ವಯಸ್ಸನ್ನು ಅಳೆಯುವ ಯಾವ ಸಾಧನವೂ ಇಲ್ಲದ ಕಾಲದಲ್ಲಿ, ಕುದುರೆ ಮತ್ತು ಎತ್ತಿನ ಗಾಡಿಯ ಪಯಣದ ದಿನಗಳಲ್ಲಿ, ಈ ಪ್ರಶ್ನೆಗೆ ಉತ್ತರ ಹೇಳಿದವರು ರಾಬರ್ಟ್ ಬ್ರೂಸ್ ಫೂಟ್. ಅವರ ಉತ್ತರವನ್ನು ಮುಂದೆ ಅವರೇ ಮೊದಲ ಮುಖ್ಯಸ್ಥರಾಗಿದ್ದ ಇಲಾಖೆಯೇ ತಳ್ಳಿಹಾಕಿತು. ಅದು ಮತ್ತೆ ಮನ್ನಣೆ ಪಡೆಯುವ ವೇಳೆಗೆ ಫೂಟ್ ತೀರಿಕೊಂಡು ಆರು ದಶಕಗಳೇ ಕಳೆದಿದ್ದವು.

ಮದರಾಸಿನಿಂದ ಮಲಪ್ರಭೆಯವರೆಗೆ

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರ ಸೆಪ್ಟೆಂಬರ್ 22ರಂದು ಜನಿಸಿದ ಫೂಟ್, 1858ರ ಡಿಸೆಂಬರ್‌ನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದರು. ಆಗ ಅವರಿಗೆ 24 ವರ್ಷ. ಅವರ ಕಾರ್ಯಕ್ಷೇತ್ರ ಮದರಾಸು ಪ್ರಾಂತ್ಯವಾಗಿತ್ತು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಕೊಡಲಿಯೊಂದು ಅವರ ಕೈಗೆ ಸಿಕ್ಕಿತು. ಭಾರತದ ಪ್ರಾಗೈತಿಹಾಸಿಕ ಅಧ್ಯಯನದ ಪಿತಾಮಹ ಎಂಬ ಕೀರ್ತಿ ಅವರಿಗೆ ಬಂದದ್ದು ಈ ಶೋಧದಿಂದ. ಆದರೆ ಅವರ ನಿತ್ಯದ ಉದ್ಯೋಗ ಶಿಲೆಗಳ ನಕ್ಷೆ ಬರೆಯುವುದೇ ಆಗಿತ್ತು.

ಮುಂದೆ ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳನ್ನು ಅವರು ಸುತ್ತಿದರು. ಈ ಪ್ರದೇಶವನ್ನು ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು. ದಖನ್ನಿನ ಲಾವಾ ಹಾಸಿನ ದಕ್ಷಿಣದ ಅಂಚು ಇರುವುದು ಇಲ್ಲಿಯೇ. ಒಂದರ ಮೇಲೊಂದು ಹರಿದ ಲಾವಾ ಪದರಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ತೆಳು ಪಟ್ಟಿ ಕಾಣುತ್ತದೆ. ಒಂದು ಹರಿವು ತಣ್ಣಗಾಗಿ, ಮಳೆ ಗಾಳಿಗೆ ಸಿಕ್ಕು ಮಣ್ಣಾದ ಮೇಲೆಯೇ ಮುಂದಿನ ಹರಿವು ಬಂದಿತೆಂಬುದಕ್ಕೆ ಅದು ಸಾಕ್ಷಿ. ಕೆಳಗಿನದು ಹಿರಿಯದು, ಮೇಲಿನದು ಕಿರಿಯದು. ಅಂದಿನ ಭೂವಿಜ್ಞಾನಿಗಳ ಬಳಿಯಿದ್ದ ಗಡಿಯಾರ ಇಷ್ಟೇ. ಈ ಲಾವಾ ಹಾಸಿನ ವಯಸ್ಸು ಸುಮಾರು 6.6 ಕೋಟಿ ವರ್ಷ ಎಂಬುದು ಬಹುಕಾಲದ ನಂತರ ತಿಳಿದ ಸಂಗತಿ.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳೂ ಫೂಟ್ ಅವರ ಗಮನ ಸೆಳೆದವು. ಕಿಟ್ಟದಂತೆ ಕರಗಿ ಗಟ್ಟಿಯಾದ ಆ ಬೂದಿಯನ್ನು ಕಂಡು ಅದು ಜ್ವಾಲಾಮುಖಿಯ ಉತ್ಪನ್ನವೆಂದು ಭಾವಿಸಿದವರೂ ಇದ್ದರು. ಫೂಟ್ ಅದನ್ನು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಯೊಂದಿಗೆ ಜೋಡಿಸಿದರು. ಇಪ್ಪತ್ತನೆಯ ಶತಮಾನದ ಉತ್ಖನನಗಳು ಈ ಅಭಿಪ್ರಾಯವನ್ನು ದೃಢಪಡಿಸಿದವು.

ಚಿನ್ನದ ಜಾಡು, ಹೊಸ ಹೆಸರು

1880ರ ದಶಕದಲ್ಲಿ ದಕ್ಷಿಣ ಭಾರತವನ್ನು ಚಿನ್ನದ ಹುಚ್ಚು ಆವರಿಸಿತ್ತು. ಕೋಲಾರದಲ್ಲಿ ಗಣಿಗಳು ತಲೆಯೆತ್ತುತ್ತಿದ್ದವು. ಚಿನ್ನವನ್ನು ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕುವುದು ವ್ಯರ್ಥ ಎಂಬುದು ಹಣ ಹೂಡುವವರಿಗೂ ಮೈಸೂರು ಸರ್ಕಾರಕ್ಕೂ ದೊಡ್ಡ ಪ್ರಶ್ನೆಯಾಗಿತ್ತು. ಮೈಸೂರು ಸಂಸ್ಥಾನದ ಚಿನ್ನದ ಸೀಮೆಗಳನ್ನು ಪರಿಶೀಲಿಸಿದ ಫೂಟ್, ಚಿನ್ನದ ಅದಿರು ಮುಖ್ಯವಾಗಿ ಒಂದೇ ಬಗೆಯ ಶಿಲಾಸಮೂಹದಲ್ಲಿದೆ ಎಂಬುದನ್ನು ಗುರುತಿಸಿದರು. ಹಳೆಯ ಲಾವಾ, ಕಬ್ಬಿಣದ ಅಂಶವುಳ್ಳ ಪಟ್ಟೆಕಲ್ಲು, ಮರಳುಗಲ್ಲು, ಉಂಡೆಗಲ್ಲುಗಳ ಬಂಡೆ ಇವೆಲ್ಲ ಸೇರಿದ ಆ ಸಮೂಹಕ್ಕೆ 1886ರಲ್ಲಿ ಅವರು ಧಾರವಾಡ ಶಿಲಾವ್ಯವಸ್ಥೆ ಎಂದು ಹೆಸರಿಟ್ಟರು.

ಹೆಸರಿಗಿಂತ ಮುಖ್ಯವಾದುದು ಅವರು ಕೊಟ್ಟ ಕ್ರಮ. ನೈಸ್ ಶಿಲೆ ಮೊದಲಿನದು. ಅದು ಸವೆದು ನೆಲವಾದ ಮೇಲೆ ಅದರ ಮೇಲೆ ಧಾರವಾಡ ಶಿಲೆಗಳು ಹಾಸಿಕೊಂಡವು. ಆಮೇಲೆ ಎರಡೂ ಮಡಿಕೆಬಿದ್ದು, ಮೇಲಿನವು ಉದ್ದನೆಯ ಪಟ್ಟಿಗಳಾಗಿ ಉಳಿದವು ಎಂಬುದು ಅವರ ನಿಲುವು.

1891ರಲ್ಲಿ ನಿವೃತ್ತರಾದ ಫೂಟ್ ಬರೋಡ ಸಂಸ್ಥಾನದಲ್ಲಿ ಕೆಲಕಾಲ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಅದರ ಮೊದಲ ಹೊಣೆ ಅವರ ಹೆಗಲೇರಿತು. ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಮರುವರ್ಷವೇ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ದೊಡ್ಡ ಗ್ರಂಥವೂ ಹೊರಬಂದಿತು.

ಇಲಾಖೆಯ ತಿರುವು

ಫೂಟ್ ಅವರ ನಂತರ ಇಲಾಖೆಯನ್ನು ಮುನ್ನಡೆಸಿದ ಡಬ್ಲ್ಯೂ.ಎಫ್. ಸ್ಮೀತ್ ಕಂಡ ಚಿತ್ರ ಬೇರೆಯಾಗಿತ್ತು. ಧಾರವಾಡ ಶಿಲೆಗಳೆಲ್ಲ ಬೆಂಕಿಯಿಂದಲೇ ಹುಟ್ಟಿದವು, ಅವೇ ಅತ್ಯಂತ ಹಳೆಯವು, ನೈಸ್ ಆಮೇಲೆ ಅವುಗಳೊಳಗೆ ನುಗ್ಗಿ ಬಂದದ್ದು ಎಂದು ಅವರು 1916ರ ಹೊತ್ತಿಗೆ ಪ್ರತಿಪಾದಿಸಿದರು. ವಾದದ ತಿರುಳು ಉಂಡೆಗಲ್ಲಿನ ಬಂಡೆಗಳಲ್ಲಿತ್ತು. ಅವು ನದಿಯಲ್ಲಿ ಉರುಳಿ ನುಣುಪಾದ ಕಲ್ಲುಗಳಾಗಿದ್ದರೆ, ಅವುಗಳಿಗೆ ಮೊದಲೇ ಒಂದು ಹಳೆಯ ನೆಲವಿರಲೇಬೇಕು, ಫೂಟ್ ಗೆದ್ದಂತೆ. ಭೂಮಿಯೊಳಗಿನ ಒತ್ತಡಕ್ಕೆ ಬಂಡೆಯೇ ನುರಿದು ಉಂಡೆಯಂತಾಗಿದ್ದರೆ ಸ್ಮೀತ್ ಮಾತೇ ಸರಿ. ಇಲಾಖೆ ಎರಡನೆಯದನ್ನು ಒಪ್ಪಿತು.

ಪ್ರತಿವಾದ ಹೂಡಲು ಫೂಟ್ ಇರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ, 78ನೆಯ ವಯಸ್ಸಿನಲ್ಲಿ ಅವರು ನಿಧನರಾಗಿದ್ದರು. ಅದಕ್ಕೆ ಒಂದು ವರ್ಷ ಹಿಂದೆ, 1911ರಲ್ಲಿ, ಲಂಡನ್ನಿನ ತರುಣ ಆರ್ಥರ್ ಹೋಮ್ಸ್ ಯುರೇನಿಯಂ ಕರಗಿ ಸೀಸವಾಗುವ ಲೆಕ್ಕದಿಂದ ಶಿಲೆಗಳ ವಯಸ್ಸನ್ನು ಹೇಳತೊಡಗಿದ್ದರು. ಆ ಗಡಿಯಾರ ಮಲೆನಾಡಿನ ಬಂಡೆಗಳಿಗೆ ಒದಗಲು ಇನ್ನೂ ಬಹಳ ಕಾಲ ಬೇಕಿತ್ತು.

1940ರಲ್ಲಿ ಬಿ. ರಾಮರಾವ್ ಅವರು ಧಾರವಾಡ ಶಿಲೆಗಳಲ್ಲಿ ನೀರಿನ ಕೆಲಸವೂ ಇದೆಯೆಂದು ಒಪ್ಪಿದಾಗ ಇಲಾಖೆಯ ನಿಲುವು ಸಡಿಲಗೊಂಡಿತು. ಚಿಕ್ಕಮಗಳೂರಿನ ಸಮೀಪದ ಕರ್ತಿಕೆರೆಯ ಉಂಡೆಗಲ್ಲಿನ ಬಂಡೆ ಬಾಬಾಬುಡನ್ ಶಿಲಾಸಮೂಹದ ಬುಡ ಎಂಬುದು 1970ರ ದಶಕದಲ್ಲಿ ಸ್ಪಷ್ಟವಾಯಿತು. 1980ರಲ್ಲಿ ಗೊರೂರಿನ ನೈಸ್ ಶಿಲೆಯ ವಯಸ್ಸು ಪ್ರಕಟವಾಯಿತು. 1990ರ ದಶಕದಲ್ಲಿ ಸಮೇರಿಯಂ ನಿಯೋಡಿಮಿಯಂ ಆಗುವ ಲೆಕ್ಕದಿಂದ ಅಳೆದಾಗ ಬಾಬಾಬುಡನ್ ಲಾವಾ ಪದರಗಳಿಗೆ ಸುಮಾರು 290 ಕೋಟಿ ವರ್ಷ ಎಂದು ತಿಳಿಯಿತು. 1997ರಲ್ಲಿ ಮುಳ್ಳಯ್ಯನಗಿರಿಯ ಹೆಸರು ಹೊತ್ತ ಕಬ್ಬಿಣಶಿಲೆಯ ತಳದಲ್ಲಿ ದೊರೆತ ಜಿರ್ಕಾನ್ ಹರಳುಗಳು ಸುಮಾರು 272 ಕೋಟಿ ವರ್ಷವೆಂದು ಹೇಳಿದವು. ಎಂದರೆ ಇಲ್ಲಿನ ಜ್ವಾಲಾಮುಖಿಗಳು ಒಮ್ಮೆ ಉರಿದು ಆರಿದವಲ್ಲ. ಅವುಗಳ ಕಥೆ ಕೋಟ್ಯಂತರ ವರ್ಷಗಳುದ್ದಕ್ಕೂ ಹರಡಿದೆ. ಅವೆಲ್ಲಕ್ಕೂ ಮೊದಲು ನೈಸ್ ಅಲ್ಲಿತ್ತು.

ಸ್ಮೀತ್ ಪೂರ್ತಿ ತಪ್ಪಿರಲಿಲ್ಲ ಎಂಬುದನ್ನೂ ಇದೇ ಅಂಕಿಗಳು ತೋರಿಸಿದವು. ನೈಸ್‌ನೊಳಗೆ ಸಿಕ್ಕಿಕೊಂಡ ಇನ್ನೂ ಹಳೆಯ ಶಿಲಾತುಣುಕುಗಳಿದ್ದು, ಅವನ್ನು ಈಗ ಸರಗೂರು ಸಮೂಹವೆಂದು ಪ್ರತ್ಯೇಕಿಸಲಾಗಿದೆ. ಫೂಟ್ ಅವನ್ನೆಲ್ಲ ಒಂದೇ ಧಾರವಾಡದಡಿ ಸೇರಿಸಿದ್ದರು. ಆದರೆ ಮೂಲ ಕ್ರಮ ಅವರದೇ ಉಳಿಯಿತು.

ಫೂಟ್ ಸಂಗ್ರಹಿಸಿದ ಶಿಲಾಯುಧಗಳು 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯವನ್ನು ಸೇರಿದವು. ಅವರು ಬದುಕಿನ ಕೊನೆಯ ವರ್ಷಗಳನ್ನು ಕಳೆದ ಯೇರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಕರ್ನಾಟಕದ ನೆಲದ ಬುನಾದಿಯನ್ನು ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ.