ಹೆನ್ರಿ ಕೋಲ್

ಸರ್ ಹೆನ್ರಿ ಕೋಲ್ (ಜುಲೈ 15, 1808 – ಏಪ್ರಿಲ್ 18, 1882) ಇಂಗ್ಲೆಂಡಿನ ಸರ್ಕಾರಿ ಅಧಿಕಾರಿ, ವಿನ್ಯಾಸ ಶಿಕ್ಷಣದ ಸುಧಾರಕ ಹಾಗೂ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಮೊದಲ ನಿರ್ದೇಶಕರು. 1843ರಲ್ಲಿ ಅವರು ಸಿದ್ಧಪಡಿಸಿದ, ಕಲ್ಲಚ್ಚಿನಲ್ಲಿ ಮುದ್ರಿಸಿ ಕೈಯಿಂದ ಬಣ್ಣ ತುಂಬಿದ ಶುಭಾಶಯ ಪತ್ರವನ್ನು ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಎಂದು ಪರಿಗಣಿಸಲಾಗಿದೆ.

ಆರಂಭಿಕ ಜೀವನ

ಕೋಲ್ ಅವರು ಇಂಗ್ಲೆಂಡಿನ ಬಾತ್ ನಗರದಲ್ಲಿ ಸೇನಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯಲ್ಲಿ ಓದಿ, 1823ರಲ್ಲಿ ಸರ್ಕಾರಿ ದಾಖಲೆಗಳ ಆಯೋಗದಲ್ಲಿ ಗುಮಾಸ್ತರಾಗಿ ಸೇರಿದರು. ಬಿಡುವಿನಲ್ಲಿ ಡೇವಿಡ್ ಕಾಕ್ಸ್ ಅವರಲ್ಲಿ ಜಲವರ್ಣ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಆಯೋಗದ ಅವ್ಯವಸ್ಥೆಯನ್ನು ಬಹಿರಂಗವಾಗಿ ಟೀಕಿಸಿದ್ದಕ್ಕಾಗಿ ಕೆಲಸ ಕಳೆದುಕೊಂಡರೂ ಮುಂದೆ ಮರುನೇಮಕಗೊಂಡರು.

ಅಂಚೆ ಸುಧಾರಣೆ

ದೂರವನ್ನು ಲೆಕ್ಕಿಸದೆ ಒಂದೇ ಪೆನ್ನಿಗೆ ಪತ್ರ ತಲುಪಬೇಕೆಂಬ ರೋಲೆಂಡ್ ಹಿಲ್ ಅವರ ಯೋಜನೆಯ ಪರವಾಗಿ ಕೋಲ್ ದುಡಿದರು. ಅದಕ್ಕಾಗಿ ಪತ್ರಿಕೆಯೊಂದನ್ನು ಸಂಪಾದಿಸಿದರು. 1839ರಲ್ಲಿ ಖಜಾನೆ ಇಲಾಖೆ ನಡೆಸಿದ ಸ್ಪರ್ಧೆಯಲ್ಲಿ 100 ಪೌಂಡ್ ಬಹುಮಾನವನ್ನೂ ಪಡೆದರು. ಏಕರೂಪದ ಪೆನ್ನಿ ದರ ಜನವರಿ 10, 1840ರಂದು ಜಾರಿಗೆ ಬಂದಿತು. ಇದೇ ತತ್ತ್ವವನ್ನು ಭಾರತ 1854ರಲ್ಲಿ ಅಳವಡಿಸಿಕೊಂಡಿತು. ಕುಮಟಾ, ಹೊನ್ನಾವರ, ಭಟ್ಕಳಗಳಿಂದ ಹೊರಟ ಹಗುರವಾದ ಪತ್ರಕ್ಕೆ ಕಾರವಾರಕ್ಕಾಗಲಿ ಕಲಕತ್ತೆಗಾಗಲಿ ಅರ್ಧ ಆಣೆಯೇ ದರವಾದದ್ದು ಆಗ.

1843ರ ಶುಭಾಶಯ ಪತ್ರ

ಅಗ್ಗದ ಅಂಚೆಯ ಹೊರೆ ಅದಕ್ಕಾಗಿ ದುಡಿದ ಕೋಲ್ ಅವರ ಮೇಲೂ ಬಿದ್ದಿತು. ವರ್ಷಾಂತ್ಯದಲ್ಲಿ ಬಂಧುಮಿತ್ರರಿಗೆ ಕೈಬರಹದ ಪತ್ರಗಳನ್ನು ಬರೆಯುವುದು ಅಂದಿನ ವಾಡಿಕೆ. ಬಂದ ಪತ್ರಕ್ಕೆ ಉತ್ತರಿಸದಿರುವುದು ಅಸಭ್ಯತನ. ಹಲವು ಕೆಲಸಗಳಲ್ಲಿ ಮುಳುಗಿದ್ದ ಕೋಲ್, ಚಿತ್ರಕಾರ ಜಾನ್ ಕಾಲ್‌ಕಾಟ್ ಹಾರ್ಸ್ಲಿ ಅವರಿಂದ ಒಂದು ವಿನ್ಯಾಸವನ್ನು ಬರೆಸಿದರು. ಅದು ಡಿಸೆಂಬರ್ 17ರಂದು ಕೈಸೇರಿತೆಂದು ಅವರ ದಿನಚರಿಯಿಂದ ತಿಳಿಯುತ್ತದೆ.

ಪತ್ರದ ನಡುವೆ ಮೂರು ತಲೆಮಾರಿನ ಕುಟುಂಬವೊಂದು ಮೇಜಿನ ಸುತ್ತ ಕುಳಿತು, ಪತ್ರ ಪಡೆದವರಿಗಾಗಿ ದ್ರಾಕ್ಷಾರಸದ ಬಟ್ಟಲೆತ್ತುತ್ತಿದೆ. ಎಡಬಲಗಳಲ್ಲಿ ಬಡವರಿಗೆ ಅನ್ನವಸ್ತ್ರ ನೀಡುವ ದೃಶ್ಯಗಳಿವೆ. ಕಳುಹಿಸುವವರ ಮತ್ತು ಪಡೆಯುವವರ ಹೆಸರಿಗೆ ಖಾಲಿ ಜಾಗ ಬಿಡಲಾಗಿತ್ತು. ಕಲ್ಲಚ್ಚಿನಲ್ಲಿ ಜಿಡ್ಡಿನ ಬಳಪದಿಂದ ಸುಣ್ಣಕಲ್ಲಿನ ಮೇಲೆ ಚಿತ್ರ ಬಿಡಿಸಿ ಕಲ್ಲನ್ನು ಒದ್ದೆ ಮಾಡುತ್ತಾರೆ. ಶಾಯಿ ಜಿಡ್ಡಿಗಷ್ಟೇ ಹಿಡಿದು ಹಾಳೆಗೆ ಇಳಿಯುತ್ತದೆ. ಅದೇ ವರ್ಷ ಮಂಗಳೂರಿನಲ್ಲಿ ಆರಂಭವಾದ ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರವೂ ಹೊರಬಂದದ್ದು ಕಲ್ಲಚ್ಚಿನಿಂದಲೇ. ಆದರೆ ಕಲ್ಲಚ್ಚು ಕೊಟ್ಟದ್ದು ರೇಖೆಗಳನ್ನು ಮಾತ್ರ. ಬಣ್ಣವನ್ನು ಮೇಸನ್ ಎಂಬ ವೃತ್ತಿಪರ ಕುಶಲಕರ್ಮಿ ಒಂದೊಂದೇ ಪ್ರತಿಗೆ ಕುಂಚದಿಂದ ತುಂಬಿದರು. ಹೀಗಾಗಿ ಅಚ್ಚಿನ ವಸ್ತುವಾದರೂ ಅದು ಕೈಕೆಲಸವೂ ಆಗಿತ್ತು.

ಸುಮಾರು ಸಾವಿರ ಪ್ರತಿಗಳು ಅಚ್ಚಾದವು. ತಮ್ಮ ಬಳಕೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದವನ್ನು ಕೋಲ್ ಮಾರಾಟಕ್ಕೆ ಬಿಟ್ಟರು. ಫೀಲಿಕ್ಸ್ ಸಮ್ಮರ್ಲಿ ಎಂಬುದು ಅವರ ಕಾವ್ಯನಾಮವಾಗಿತ್ತು. ಆ ಹೆಸರಿನಲ್ಲಿ ಮಕ್ಕಳ ಪುಸ್ತಕಗಳನ್ನು ತರುತ್ತಿದ್ದ ಜೋಸೆಫ್ ಕಂಡಾಲ್ ಇದರ ಪ್ರಕಾಶಕರು. ಬೆಲೆ ಒಂದು ಶಿಲ್ಲಿಂಗ್, ಅಂದರೆ ಹನ್ನೆರಡು ಪತ್ರಗಳ ಅಂಚೆ ವೆಚ್ಚ. ಸಾಮಾನ್ಯರ ಮನೆಗೂ ಕಲೆ ತಲುಪಬೇಕೆಂದು ಬಯಸಿದವರ ಈ ಪತ್ರ ಸಾಮಾನ್ಯರ ಕೈಗೆಟುಕಲಿಲ್ಲ. ಚಿತ್ರದಲ್ಲಿ ಪುಟ್ಟ ಮಗುವಿನ ತುಟಿಗೂ ದ್ರಾಕ್ಷಾರಸದ ಬಟ್ಟಲು ಹಿಡಿದಿದ್ದುದರಿಂದ ಪಾನನಿರೋಧ ಚಳವಳಿಯವರ ಆಕ್ಷೇಪಕ್ಕೂ ಅದು ಗುರಿಯಾಯಿತು. ಪತ್ರಗಳು ನಿರೀಕ್ಷೆಯಂತೆ ಮಾರಾಟವಾಗಲಿಲ್ಲ. ಈ ಪದ್ಧತಿ ಬ್ರಿಟನ್ನಿನಲ್ಲಿ ಮನೆಮಾತಾದದ್ದು ಬಣ್ಣದ ಮುದ್ರಣ ಅಗ್ಗವಾಗಿ, 1870ರಲ್ಲಿ ಅರ್ಧ ಪೆನ್ನಿ ಅಂಚೆ ದರ ಬಂದ ಮೇಲೆ.

ವಸ್ತುಪ್ರದರ್ಶನ ಮತ್ತು ವಸ್ತುಸಂಗ್ರಹಾಲಯ

1846ರಲ್ಲಿ ಕೋಲ್ ವಿನ್ಯಾಸಗೊಳಿಸಿದ ಚಹಾ ಪಾತ್ರೆಗಳಿಗೆ ಸೊಸೈಟಿ ಆಫ್ ಆರ್ಟ್ಸ್ ಬಹುಮಾನ ನೀಡಿತು. 1851ರ ಮಹಾ ವಸ್ತುಪ್ರದರ್ಶನದ ಪ್ರಮುಖ ಸಂಘಟಕರಲ್ಲಿ ಅವರೂ ಒಬ್ಬರು. ಅದಕ್ಕೆ 60 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಮರುವರ್ಷ ಅವರು ಕೆಟ್ಟ ವಿನ್ಯಾಸದ ಮಾದರಿಗಳನ್ನೇ ಆರಿಸಿ ಪ್ರದರ್ಶನಕ್ಕಿಟ್ಟು ನಗೆಗೂ ಕೋಪಕ್ಕೂ ಕಾರಣರಾದರು. ಹಾರ್ಡ್ ಟೈಮ್ಸ್ ಕಾದಂಬರಿಯಲ್ಲಿ ನೆಲಹಾಸಿನ ಮೇಲೆ ಹೂವಿನ ಚಿತ್ರ ಕೂಡದೆನ್ನುವ ಅಧಿಕಾರಿ ಕೋಲ್ ಅವರ ವಿಡಂಬನೆಯೆಂದು ಡಿಕನ್ಸ್ ವಿಮರ್ಶಕರು ಗುರುತಿಸಿದ್ದಾರೆ.

ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ಜೂನ್ 1857ರಲ್ಲಿ ತೆರೆಯಿತು. ಹಗಲೆಲ್ಲ ದುಡಿಯುವವರೂ ಬರಲೆಂದು ಕೋಲ್ ಅಲ್ಲಿ ಅನಿಲದೀಪಗಳನ್ನು ಹಾಕಿಸಿ ಸಂಜೆಯ ಹೊತ್ತಿಗೂ ಪ್ರವೇಶ ಕಲ್ಪಿಸಿದರು. ಉಪಾಹಾರದ ಕೋಣೆಗಳನ್ನೂ ಕಟ್ಟಿಸಿದರು. 1899ರಲ್ಲಿ ಅದಕ್ಕೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೆಂಬ ಹೆಸರಾಯಿತು.

ಕೊನೆಯ ವರ್ಷಗಳು

1873ರಲ್ಲಿ ನಿವೃತ್ತರಾದ ಕೋಲ್ ಅವರಿಗೆ 1875ರಲ್ಲಿ ಸರ್ ಪದವಿ ದೊರೆಯಿತು. 1882ರಲ್ಲಿ ಅವರು ಲಂಡನ್ನಿನಲ್ಲಿ ನಿಧನರಾದಾಗ ಆತ್ಮಕಥೆ ಅಪೂರ್ಣವಾಗಿತ್ತು. ಮಕ್ಕಳು ಅದನ್ನು ಪೂರ್ಣಗೊಳಿಸಿ 1884ರಲ್ಲಿ ಪ್ರಕಟಿಸಿದರು. ಅವರ ಮಗ ಹೆನ್ರಿ ಹಾರ್ಡಿ ಕೋಲ್ 1881ರಿಂದ ಭಾರತದ ಪ್ರಾಚೀನ ಸ್ಮಾರಕಗಳ ಸಂರಕ್ಷಣಾಧಿಕಾರಿಯಾಗಿದ್ದರು.

1843ರ ಶುಭಾಶಯ ಪತ್ರದ ಕೆಲವೇ ಪ್ರತಿಗಳು ಇಂದು ಉಳಿದಿವೆ. ಕೋಲ್ ತಮ್ಮ ಅಜ್ಜಿಗೆ ಕಳುಹಿಸಿದ್ದ ಪ್ರತಿ 2001ರಲ್ಲಿ ಇಂಗ್ಲೆಂಡಿನ ಡಿವೈಜಿಸ್ ಪಟ್ಟಣದ ಹರಾಜಿನಲ್ಲಿ ಸುಮಾರು 22,500 ಪೌಂಡಿಗೆ ಮಾರಾಟವಾಯಿತು.