ಮೆಣಸು ಘಟ್ಟದ್ದು, ರಾಣಿ ಗೇರುಸೊಪ್ಪೆಯವಳು

ಶಿರಸಿ ಪೇಟೆಯಲ್ಲಿ ಕಾಳುಮೆಣಸಿನ ದರ ಏರಲಿ ಇಳಿಯಲಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಯಲ್ಲಿ ಅಂದು ಬೇರೆ ಮಾತಿಲ್ಲ. ಆದರೆ ಇದೇ ಮೆಣಸಿನ ಹೆಸರನ್ನು ಬಿರುದಾಗಿ ಹೊತ್ತ ರಾಣಿಯೊಬ್ಬಳು ಘಟ್ಟದ ಕೆಳಗೆ 54 ವರ್ಷ ರಾಜ್ಯಭಾರ ಮಾಡಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವಳೇ ಗೇರುಸೊಪ್ಪೆಯ ಚೆನ್ನಭೈರಾದೇವಿ. ಮೆಣಸಿನ ರಾಣಿ ಅಂತ ಹೆಸರಿಟ್ಟವರು ಪೋರ್ಚುಗೀಸರು. ಆಕೆ ಆಳಿದ, ಕಾದಿದ, ಸೋತ ಜಾಗಗಳೆಲ್ಲ ಶಿರಸಿಯಿಂದ ಒಂದು ದಿನದ ದಾರಿ. ನೋಡಲು ಹೋಗುವವರು ಮಾತ್ರ ಕಡಿಮೆ.

ಹಾಡುವಳ್ಳಿಯಿಂದ ಹೊರಡೋಣ. ಭಟ್ಕಳ ತಾಲೂಕಿನ ಈ ಹಳ್ಳಿಗೆ ಹಿಂದೆ ಸಂಗೀತಪುರ ಎಂಬ ಚಂದದ ಹೆಸರಿತ್ತು. ಸಾಳುವ ಮನೆತನದ ಜೈನ ಅರಸರ ಊರು ಇದು. ಇಪ್ಪತ್ನಾಲ್ಕು ತೀರ್ಥಂಕರರ ಬಸದಿ ಇಂದಿಗೂ ಅಲ್ಲಿದೆ. ಚೆನ್ನಭೈರಾದೇವಿ ಈ ಮನೆತನದವಳು. ಆಕೆ ಪಟ್ಟಕ್ಕೆ ಬರುವ ಹತ್ತು ವರ್ಷ ಮೊದಲು, 1542ರಲ್ಲಿ, ಪೋರ್ಚುಗೀಸರು ಭಟ್ಕಳ ಬಂದರಿಗೆ ನುಗ್ಗಿ ಊರನ್ನೇ ಸುಟ್ಟಿದ್ದರು. ಅಂಥ ಕರಾವಳಿಯ ಹೊಣೆ 1552ರಲ್ಲಿ ಒಬ್ಬ ಹೆಂಗಸಿನ ತಲೆ ಮೇಲೆ ಬಿತ್ತು.

ರಾಜಧಾನಿ ಗೇರುಸೊಪ್ಪೆ. ಈಗ ಬಸ್ಸು ನಿಲ್ಲುವ ಗೇರುಸೊಪ್ಪೆ ಅಲ್ಲ. ಶರಾವತಿ ದಾಟಿ ಕಾಡು ಹೊಕ್ಕರೆ ಸಿಗುವ ನಗರಬಸ್ತಿಕೇರಿ. ಹೆಸರಿನಲ್ಲೇ ನಗರವೂ ಉಂಟು, ಬಸ್ತಿಯೂ ಉಂಟು. ಇದ್ದ ನಗರ ಹೋಗಿ ಉಳಿದದ್ದು ಕೆಲವು ಬಸ್ತಿ ಮಾತ್ರ. ಅವುಗಳಲ್ಲಿ ಚತುರ್ಮುಖ ಬಸದಿಯನ್ನು ನೋಡಲೇಬೇಕು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕುಳಿತ ತೀರ್ಥಂಕರರು. ಹತ್ತಿರದಲ್ಲೇ ಜ್ವಾಲಾಮಾಲಿನಿ ಅಮ್ಮನವರ ಗುಡಿ. ಅಲ್ಲಿ ಪೂಜೆ ನಿಂತಿಲ್ಲ.

ಆಗ ಘಟ್ಟದ ಮೇಲೆ ಯಾರಿದ್ದರು? ಶಿರಸಿ ತಾಲೂಕಿನ ಸೋದೆಯಲ್ಲಿ ಅರಸಪ್ಪ ನಾಯಕ. ವಾದಿರಾಜ ಸ್ವಾಮಿಗಳು ಸೋದೆಯಲ್ಲಿ ನೆಲೆಸಿದ್ದೂ ಈ ಕಾಲದಲ್ಲೇ. ಸಿದ್ದಾಪುರದ ಬಿಳಗಿಯಲ್ಲಿ ಬಿಳಗಿ ಅರಸರು. ಅವರ ರತ್ನತ್ರಯ ಬಸದಿ ಇಂದೂ ನಿಂತಿದೆ. ಆಚೆ ಇಕ್ಕೇರಿಯಲ್ಲಿ ಕೆಳದಿಯವರು. ಮೆಣಸು ಬೆಳೆಯುವುದು ಘಟ್ಟದಲ್ಲಿ, ಹಡಗು ನಿಲ್ಲುವುದು ಕೆಳಗಿನ ಬಂದರಿನಲ್ಲಿ. ಬಂದರು ಯಾರ ಕೈಲಿತ್ತೋ ಲಾಭದ ಗಂಟೂ ಅವರ ಕೈಲಿ. ರಾಣಿಯ ಬಾಳಿನ ಎಲ್ಲಾ ಜಗಳದ ಬೇರು ಇಲ್ಲಿದೆ. ಮುಂದಿನಿಂದ ಸಮುದ್ರದ ವೈರಿ, ಬೆನ್ನಿಗೆ ಘಟ್ಟದ ವೈರಿ.

1565ರಲ್ಲಿ ವಿಜಯನಗರ ಬಿತ್ತು. ಗೇರುಸೊಪ್ಪೆಗೆ ಮೇಲಿದ್ದ ನೆರಳು ಹೋಯಿತು. ನಾಲ್ಕೇ ವರ್ಷದಲ್ಲಿ, 1569ರಲ್ಲಿ, ಪೋರ್ಚುಗೀಸರು ಹೊನ್ನಾವರದ ಕೋಟೆ ಕಿತ್ತುಕೊಂಡರು. ರಾಣಿ ಸುಮ್ಮನೆ ಕೂರಲಿಲ್ಲ. ಮರುವರ್ಷ ಬಿಜಾಪುರದ ಆದಿಲಶಾಹಿ ಗೋವೆಗೆ ಮುತ್ತಿಗೆ ಹಾಕಿದ ಸಮಯ ನೋಡಿ, ತಾನು ಹೊನ್ನಾವರಕ್ಕೆ ಮುತ್ತಿಗೆ ಹಾಕಿದಳು. ಕೋಟೆ ಕೈಗೆ ಬರಲಿಲ್ಲ, ನಿಜ. ಆದರೆ ಆ ಕಾಲದ ಪೋರ್ಚುಗೀಸರ ಮೇಲೆ ಏರಿ ಹೋಗುವ ಎದೆಗಾರಿಕೆ ಸಣ್ಣದಲ್ಲ. ಯುದ್ಧವೂ ಉಂಟು, ವ್ಯಾಪಾರವೂ ಉಂಟು. ಎರಡನ್ನೂ ತೂಗಿಸಿಕೊಂಡು ಹೋದಳು.

ಕುಮಟಾ ಹಾದಿಯಲ್ಲಿ ಸಿಗುವ ಮಿರ್ಜಾನ ಕೋಟೆಯನ್ನು ಕಟ್ಟಿಸಿದವಳು ಈಕೆಯೇ ಎಂಬುದು ಜನರಲ್ಲಿ ಉಳಿದುಬಂದ ಮಾತು. ಕೆಂಪು ಚಿರೇಕಲ್ಲಿನ ಗೋಡೆ, ಸುತ್ತ ಕಂದಕ, ಹತ್ತಿರದಲ್ಲಿ ಅಘನಾಶಿನಿ. ಈ ಹೊಳೆ ಹುಟ್ಟುವುದು ನಮ್ಮ ಶಿರಸಿಯಲ್ಲಿ, ಧುಮುಕುವುದು ಸಿದ್ದಾಪುರದ ಉಂಚಳ್ಳಿಯಲ್ಲಿ ಎಂಬುದನ್ನು ನೆನಪಿಡಿ. ಪುರಾತತ್ವ ಇಲಾಖೆಯವರು ಕೋಟೆಯೊಳಗೆ ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಎಲ್ಲಿಯ ಚೀನಾ, ಎಲ್ಲಿಯ ಮಿರ್ಜಾನ!

ಇನ್ನೊಂದು ಕೋಟೆ ಕಾನೂರಿನದು. ಸಾಗರ ತಾಲೂಕಿಗೆ ಸೇರಿದ್ದು, ಶರಾವತಿ ಕಣಿವೆಯ ದಟ್ಟ ಕಾಡಿನೊಳಗೆ. ಸಂಕಟ ಬಂದಾಗ ರಾಣಿಗೆ ಆಸರೆಯಾಗಿದ್ದ ಕೋಟೆ ಎನ್ನುತ್ತಾರೆ. ಮಿರ್ಜಾನಕ್ಕೆ ಹುಲ್ಲುಹಾಸು, ಕಾವಲುಗಾರ ಎಲ್ಲ ಇದ್ದಾರೆ. ಕಾನೂರಿಗೆ ಮಳೆ, ಬೇರು ಮತ್ತು ನಿಧಿ ಆಸೆಗೆ ಗುಂಡಿ ತೋಡುವವರು.

ಕೊನೆಗೆ 1606. ಬಹುಕಾಲ ಹೊಂಚಿದ್ದ ಇಕ್ಕೇರಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ. ಬಿಳಗಿಯವರೂ ರಾಣಿಯ ವಿರುದ್ಧ ಕೈಜೋಡಿಸಿದ್ದರು. ಅಂದರೆ ಸಮುದ್ರದಿಂದ ಬಂದವರಿಗೆ ಬಗ್ಗದವಳು ನೆರೆಯವರಿಗೆ ಸೋತಳು. ಕೆಳದಿಯವರ ಸೆರೆಯಲ್ಲೇ ಮುದಿ ರಾಣಿಯ ಉಸಿರು ನಿಂತಿತು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಹೊನ್ನಾವರದಿಂದ ಹೊಳೆ ಹಿಡಿದು ಗೇರುಸೊಪ್ಪೆಗೆ ಬಂದ. ಹದಿನೇಳೇ ವರ್ಷದಲ್ಲಿ ಊರೂ ಅರಮನೆಯೂ ಹಾಳುಬಿದ್ದು ಮರ ಬೆಳೆದದ್ದನ್ನು ಬರೆದಿಟ್ಟ. ಜೊತೆಗೆ, ಪರ ಗಂಡಸನ್ನು ನಂಬಿ ಕೆಟ್ಟಳು ಎಂಬ ಕತೆಯನ್ನೂ ಬರೆದ. ಗೆದ್ದವರ ನಾಡಿನಲ್ಲಿ ಓಡಾಡುತ್ತಿದ್ದವನ ಕಿವಿಗೆ ಬಿದ್ದ ಮಾತು ಅದು. 54 ವರ್ಷ ಆಳಿದವಳಿಗೆ ಒಂದೇ ಸಾಲಿನ ಅಪವಾದ! ಗಂಡಸು ರಾಜ ಸೋತರೆ ಕಾಲ ಕೆಟ್ಟಿತ್ತು ಅಂತೀವಿ. ರಾಣಿ ಸೋತರೆ ನಡತೆ ಹುಡುಕ್ತೀವಿ. ಈ ಚಾಳಿ ನಾನೂರು ವರ್ಷದಿಂದ ಬದಲಾಗಿಲ್ಲ.

ಅಪವಾದ ಪುಸ್ತಕದಲ್ಲಿ ಭದ್ರವಾಗಿ ಉಳಿಯಿತು. ಅದಕ್ಕೆ ಉತ್ತರ ಹೇಳಬೇಕಾದ ಕಲ್ಲುಗಳು ಕಾಡಿನಲ್ಲಿ ಒಂದೊಂದಾಗಿ ಜಾರುತ್ತಿವೆ. ಜೋಗ ನೋಡಿ ಮಾವಿನಗುಂಡಿಯಿಂದ ಘಟ್ಟ ಇಳಿಯುವ ವಾಹನಗಳು ಗೇರುಸೊಪ್ಪೆಯಲ್ಲಿ ಚಹಾ ಕುಡಿದು ಮುಂದೆ ಓಡುತ್ತವೆ. ನಮ್ಮ ಮೂರು ತಾಲೂಕಿನ ಶಾಲೆಗಳು ಪ್ರವಾಸಕ್ಕೆ ಬೇಲೂರು, ಹಂಪಿ ಅಂತ ದೂರ ದೂರ ಹೋಗುತ್ತವೆ. ಹೋಗಲಿ, ಬೇಡ ಅನ್ನುವುದಿಲ್ಲ. ಒಂದು ವರ್ಷ ನಗರಬಸ್ತಿಕೇರಿಗೂ ಮಿರ್ಜಾನಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗಿ ಮೇಷ್ಟ್ರೇ. ಮನೆಯ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಗೆ ಎಂಥ ಇತಿಹಾಸ ಉಂಟು ಅಂತ ಅವರಿಗೂ ಗೊತ್ತಾಗಲಿ.