ಚೆಸ್ಟರ್ ಆರ್ಥರನ ಹುಟ್ಟೂರು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಇಪ್ಪತ್ತೊಂದನೆಯ ಅಧ್ಯಕ್ಷನಾದ ಚೆಸ್ಟರ್ ಆರ್ಥರನು 1829ರ ಅಕ್ಟೋಬರ್ 5ರಂದು ವರ್ಮಾಂಟ್ ರಾಜ್ಯದ ಫೇರ್‌ಫೀಲ್ಡಿನಲ್ಲಿ ಜನಿಸಿದನು. ಕೆನಡಾದ ಗಡಿ ಅಲ್ಲಿಗೆ ಬಹು ದೂರವಲ್ಲ. ತಂದೆ ವಿಲಿಯಂ ಆರ್ಥರ್ ಐರ್ಲೆಂಡಿನಿಂದ ಬಂದ ಕ್ರೈಸ್ತ ಉಪದೇಶಕ; ಆತನು ಅಮೆರಿಕಾದ ಪೌರತ್ವವನ್ನು ಪಡೆದುದು 1843ರಲ್ಲಿ. ಗಡಿಯ ಸಾಮೀಪ್ಯ, ತಂದೆಯ ಪರದೇಶಜನ್ಮ ಇವೆರಡೂ ಮುಂದೆ ಮಗನನ್ನು ಬೆನ್ನಟ್ಟಿದುವು.

ಆರ್ಥರನು ನ್ಯೂಯಾರ್ಕಿನಲ್ಲಿ ವಕೀಲನಾದನು. ಕರಿಯಳೆಂಬ ಕಾರಣಕ್ಕೆ ಕುದುರೆಟ್ರಾಮಿನಿಂದ ಹೊರದೂಡಲ್ಪಟ್ಟ ಉಪಾಧ್ಯಾಯಿನಿ ಎಲಿಜಬೆತ್ ಜೆನಿಂಗ್ಸಳ ಪರವಾಗಿ ನಿಂತು 1855ರಲ್ಲಿ ಗೆದ್ದನು. ಪಕ್ಷದ ಕೃಪೆಯಿಂದ 1871ರಲ್ಲಿ ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯಾದನು. 1878ರಲ್ಲಿ ಅಧ್ಯಕ್ಷ ಹೇಯ್ಸನು ಆತನನ್ನು ಆ ಹುದ್ದೆಯಿಂದ ತೆಗೆದನು. ಆದರೂ 1880ರಲ್ಲಿ ರಿಪಬ್ಲಿಕನ್ ಪಕ್ಷವು ಆತನನ್ನು ಉಪಾಧ್ಯಕ್ಷ ಪದವಿಯ ಉಮೇದುವಾರನನ್ನಾಗಿ ಆರಿಸಿತು.

ಅಧ್ಯಕ್ಷನಾಗತಕ್ಕವನು ಜನ್ಮತಃ ಅಮೆರಿಕಾದ ಪೌರನಾಗಿರಬೇಕು, ಮೂವತ್ತೈದು ವಯಸ್ಸಾಗಿರಬೇಕು, ಹದಿನಾಲ್ಕು ವರ್ಷ ಆ ದೇಶದಲ್ಲಿ ವಾಸಿಸಿರಬೇಕು ಎಂಬುದು ಅಲ್ಲಿನ ಸಂವಿಧಾನದ ವಿಧಿ. 1804ರ ತಿದ್ದುಪಡಿಯಿಂದ ಉಪಾಧ್ಯಕ್ಷನಿಗೂ ಅದೇ ಕಟ್ಟಳೆ. ಹಿನ್ಮನ್ ಎಂಬ ವಕೀಲನು ಆರ್ಥರನು ಐರ್ಲೆಂಡಿನಲ್ಲಿ ಹುಟ್ಟಿದವನೆಂದು ಸಾರಿದನು; ಅದು ನಿಲ್ಲದಿರಲು ಕೆನಡಾದಲ್ಲಿ ಎಂದನು; 1884ರಲ್ಲಿ ಪುಸ್ತಕವನ್ನೇ ಅಚ್ಚುಹಾಕಿಸಿದನು. ನಿಜವನ್ನು ಇತ್ಯರ್ಥಗೊಳಿಸುವವರಾರು? ಆಗ ಮತಪತ್ರಗಳನ್ನು ಮುದ್ರಿಸಿ ಹಂಚುತ್ತಿದ್ದುದು ಪಕ್ಷಗಳೇ. ಉಮೇದುವಾರನ ಅರ್ಹತೆಯನ್ನು ವಿಚಾರಿಸುವ ಸಂದರ್ಭವೇ ರಾಜ್ಯದ ಅಧಿಕಾರಿಗಳಿಗೆ ಒದಗುತ್ತಿರಲಿಲ್ಲ. ಸಾಲದುದಕ್ಕೆ ಆರ್ಥರನು ತನ್ನ ಜನ್ಮವರ್ಷವನ್ನು 1830 ಎಂದು ಹೇಳಿಕೊಂಡು ಒಂದು ವರ್ಷ ಕಿರಿಯನಾಗಿದ್ದನು. ಮನೆತನದ ಬೈಬಲಿನಲ್ಲಿ ಬರೆದಿದ್ದುದು 1829.

1881ರ ಜುಲೈ 2ರಂದು ಗುಂಡೇಟು ತಿಂದ ಅಧ್ಯಕ್ಷ ಗಾರ್ಫೀಲ್ಡನು ಸೆಪ್ಟೆಂಬರ್ 19ರಂದು ತೀರಿಕೊಂಡನು, ಆರ್ಥರನು ಅಧ್ಯಕ್ಷನಾದನು. ಪಕ್ಷದ ಕೃಪೆಯಿಂದಲೇ ಮೇಲೆ ಬಂದ ಈತನು 1883ರಲ್ಲಿ ಪೆಂಡಲ್‌ಟನ್ ಕಾಯಿದೆಗೆ ಅಂಕಿತ ಹಾಕಿ, ಸರ್ಕಾರದ ಗುಮಾಸ್ತಗಿರಿಗೆ ಪರೀಕ್ಷೆಯನ್ನು ತಂದುದು ವಿಧಿಯ ವಿನೋದ. ಆತನ ಸ್ವಂತ ಪದವಿಗೆ ಮಾತ್ರ ಪರೀಕ್ಷಕರಿರಲಿಲ್ಲ.

1886ರ ನವೆಂಬರ್ 18ರಂದು ಆತನು ಮೃತನಾದನು. ಸಾಯುವುದಕ್ಕೆ ಸ್ವಲ್ಪ ಮುಂಚೆ ತನ್ನ ಕಾಗದಪತ್ರಗಳನ್ನು ಸುಡಿಸಿದ್ದನು. ಎರಡು ವರ್ಷಗಳ ಮೇಲೆ ಮ್ಯಾಸಚೂಸೆಟ್ಸ್ ರಾಜ್ಯವು ಸರ್ಕಾರವೇ ಮತಪತ್ರವನ್ನು ಮುದ್ರಿಸುವ ಕಾನೂನನ್ನು ಮಾಡಿತು. ಉಳಿದ ರಾಜ್ಯಗಳು ಹಿಂಬಾಲಿಸಿದುವು. ಅಂದಿನಿಂದ ಯಾರ ಹೆಸರನ್ನು ಅಚ್ಚುಮಾಡಬೇಕೆಂಬುದು ರಾಜ್ಯಗಳ ಹೊಣೆಯಾಯಿತು. ಆದರೂ ಉಮೇದುವಾರನ ಪ್ರಮಾಣವಚನ ಅಥವಾ ಪಕ್ಷದ ದೃಢೀಕರಣ ಇಷ್ಟರಿಂದಲೇ ತೃಪ್ತವಾಗುವ ರಾಜ್ಯಗಳು ಇಂದಿಗೂ ಹಲವು. ಜನನಪತ್ರವನ್ನು ಕೇಳುವ ಮಸೂದೆಯನ್ನು ಅರಿಜೋನಾದ ಶಾಸನಸಭೆ 2011ರಲ್ಲಿ ಅಂಗೀಕರಿಸಿತಾದರೂ ಗವರ್ನರು ಅದನ್ನು ತಡೆದರು.

ಪರಿಶೀಲನೆಯೆಂಬುದು ಅನರ್ಹನಿಗೆ ತಡೆ. ಅರ್ಹನಿಗಾದರೋ ಅದೇ ರಕ್ಷೆ. ಆ ಬೈಬಲಿನ ಹಾಳೆಯನ್ನು 1880ರಲ್ಲಿಯೇ ಒಬ್ಬ ಅಧಿಕಾರಿ ತೆರೆಸಿ ನೋಡಿದ್ದರೆ ಗಾಳಿಮಾತಿಗೆ ಅಷ್ಟು ಆಯುಸ್ಸು ಇರುತ್ತಿರಲಿಲ್ಲ. ಆಲ್ಬನಿಯ ಬಳಿ ಇರುವ ಆತನ ಸಮಾಧಿಯ ಮೇಲೆ ಈಗಲೂ ಕೆತ್ತಿರುವುದು 1830 ಎಂದೇ.